ಅಜ್ಜಿಯ ಆಕ್ಸಿಜನ್ ಯಂತ್ರ: ಬಳಕೆದಾರರ ಕೈಪಿಡಿ

ನಿಮ್ಮ ಮನೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಬಂದಿದ್ದಕ್ಕೆ ಅಭಿನಂದನೆಗಳು. ಪೆಟ್ಟಿಗೆಯಲ್ಲಿ ಯಂತ್ರ, ಮೂಗಿನ ನಳಿಕೆ, ನೀರಿನ ಬಾಟಲಿ ಇವೆಯೇ ನೋಡಿಕೊಳ್ಳಿ. ಅಜ್ಜಿಯನ್ನು ನೀವೇ ಒದಗಿಸಿಕೊಳ್ಳಬೇಕು. ಬೀಡಿ ಮುಟ್ಟದ ಹೆಂಗಸಿಗೆ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ ಹೇಗೆ ಬಂತು ಎಂದು ಕೇಳುವವರಿಗೆ ಹಳೆಯ ಅಡುಗೆಮನೆಯ ಜಂತಿ ತೋರಿಸಿ. ಸೌದೆ ಒಲೆಯ ಮಸಿ ಅರ್ಧ ಅಲ್ಲಿದೆ, ಉಳಿದರ್ಧ ಅವರ ಎದೆಯಲ್ಲಿ.

ಯಂತ್ರವನ್ನು ಗೋಡೆಗೆ ಒತ್ತಿ ಇಡಬೇಡಿ, ಅದಕ್ಕೂ ಗಾಳಿ ಬೇಕು. ದೇವರ ಕೋಣೆಯ ಹತ್ತಿರವಂತೂ ಬೇಡವೇ ಬೇಡ. ಆಮ್ಲಜನಕ ತಾನು ಉರಿಯದಿದ್ದರೂ ಉರಿಯುವುದಕ್ಕೆಲ್ಲ ಕುಮ್ಮಕ್ಕು ಕೊಡುತ್ತದೆ. ನಂದಾದೀಪ, ಊದುಬತ್ತಿ, ಸೋದರಮಾವನ ಸಿಗರೇಟು, ಮೂರಕ್ಕೂ ಒಂದೇ ಕಾನೂನು. ಬಾಟಲಿಗೆ ಡಿಸ್ಟಿಲ್ಡ್ ವಾಟರ್ ಹಾಕಿ. ಕಾಶಿಯಿಂದ ತಂದ ಗಂಗಾಜಲ ನಡೆಯುವುದಿಲ್ಲ.

ಮುಂಭಾಗದಲ್ಲಿ ಒಂದು ನಾಬ್ ಇದೆ. ಸಕಲ ರಾದ್ಧಾಂತಗಳ ಮೂಲ ಅದೇ. ಡಾಕ್ಟರು ನಿಮಿಷಕ್ಕೆ 2 ಲೀಟರ್ ಎಂದು ಬರೆದುಕೊಟ್ಟಿರುತ್ತಾರೆ. ಭಾನುವಾರ ನೋಡಲು ಬಂದ ದೊಡ್ಡಪ್ಪ ಅಜ್ಜಿಯ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, 90 ಕಂಡು, “ಅಯ್ಯೋ, ನಂದು 98 ಇದೆಯಲ್ಲೋ!” ಎಂದು ನಾಬನ್ನು 5ಕ್ಕೆ ತಿರುಗಿಸುತ್ತಾರೆ. ಇಂಥ ರೋಗಿಗಳಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿಯೇ 88ರಿಂದ 92. ಅದನ್ನು ಮೀರಿ ಸುರಿದರೆ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಮಂಪರು ಕವಿಯುತ್ತದೆ. ದೊಡ್ಡಪ್ಪ ಆಗ “ನೋಡಿ, ಎಷ್ಟು ಹಾಯಾಗಿ ನಿದ್ದೆ ಹತ್ತಿತು” ಎನ್ನುತ್ತಾರೆ. ಅವರಿಗೆ ಎರಡನೇ ಸಲ ಕಾಫಿ ಕೊಟ್ಟು, ನಾಬನ್ನು ಮೊದಲಿನ ಜಾಗಕ್ಕೆ ತಂದು, ಡಾಕ್ಟರಿಗೆ ಫೋನ್ ಮಾಡಿ.

ಆಕ್ಸಿಮೀಟರನ್ನೇ ದಿಟ್ಟಿಸುತ್ತ ಕೂರಬೇಡಿ. ವಾರ್ಡಿನ ಅನುಭವಿ ಸಿಸ್ಟರ್ ಮೊದಲು ರೋಗಿಯ ಕತ್ತು ನೋಡುತ್ತಾರೆ: ಉಸಿರೆಳೆದಾಗ ಕತ್ತಿನ ಸ್ನಾಯು ಬಿಗಿಯುತ್ತಿದೆಯೇ, ಕೊರಳೆಲುಬಿನ ಮೇಲಿನ ಗುಳಿ ಒಳಕ್ಕೆ ಹೋಗುತ್ತಿದೆಯೇ ಎಂದು. ಆಮೇಲೆ ನಾಡಿ ನೋಡುವವರ ಹಾಗೆ ಕೈ ಹಿಡಿದು, ಸೆರಗಿನ ಏರಿಳಿತ ಎಣಿಸುತ್ತಾರೆ. ಎಣಿಸುತ್ತಿದ್ದಾರೆಂದು ಗೊತ್ತಾದರೆ ಯಾರ ಉಸಿರಾದರೂ ಲಯ ತಪ್ಪುತ್ತದೆ, ಅದಕ್ಕೇ ಈ ಕಳ್ಳಾಟ. ಎಣಿಕೆ ಪೂರ್ತಿ ಒಂದು ನಿಮಿಷದ್ದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣರಿಗೆ ಈ ಕೆಲಸ ಬೇಡ. ವಯಸ್ಕರಿಗೆ 12ರಿಂದ 20 ಸಹಜ.

ಏದುಸಿರು ಬಂದಾಗ “ಸ್ವಲ್ಪ ಮಲಗಿ ಅಜ್ಜಿ” ಎನ್ನುವುದು ಎಲ್ಲರ ಬಾಯಲ್ಲೂ ಬರುವ ತಪ್ಪು ಸಲಹೆ. ಕೂರಿಸಿ. ಎದುರಿಗೆ ಮೇಜು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಮೊಣಕೈ. ಮೂಗಿನಿಂದ ಎಳೆದುಕೊಂಡು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕೂಡಿಸಿ, ಎಳೆದದ್ದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ಬಾಯಲ್ಲಿ ಹೇಳಿದರೆ ಅಜ್ಜಿ ಮಾಡುವುದಿಲ್ಲ. ಎದುರಿಗೆ ಕೂತು ನೀವೂ ಮಾಡಿ. ಆಗ ಪ್ರಶ್ನೆ ಕೇಳುವುದಿದ್ದರೆ ತಲೆಯಾಡಿಸಿ ಉತ್ತರ ಕೊಡುವಂಥದ್ದನ್ನು ಕೇಳಿ. ಮೊಮ್ಮಗಳ ಮದುವೆ ಮಾತುಕತೆ ಏನಾಯಿತು ಎಂಬುದು ಅಂಥ ಪ್ರಶ್ನೆಯಲ್ಲ.

ಸ್ಟೀರಾಯ್ಡ್ ಇನ್‌ಹೇಲರ್ ಆದಮೇಲೆ ಬಾಯಿ ಮುಕ್ಕಳಿಸಲಿ, ಇಲ್ಲವಾದರೆ ನಾಲಿಗೆಗೆ ಅಗ್ರು ಕಟ್ಟುತ್ತದೆ. ನಳಿಕೆ ಉಜ್ಜುವ ಕಿವಿಯ ಹಿಂಭಾಗವನ್ನು ದಿನಾ ನೋಡಿ, ಕೆಂಪಾಗಿದ್ದರೆ ಹತ್ತಿ ಇಡಿ. ಕರೆಂಟು ಹೋದರೆ, ಲೈನ್‌ಮನ್‌ಗೆ ಬೈಯುವ ಮೊದಲು ನಳಿಕೆಯನ್ನು ಮುನ್ನೆಚ್ಚರಿಕೆಗೆ ತಂದಿಟ್ಟ ಆಕ್ಸಿಜನ್ ಸಿಲಿಂಡರಿಗೆ ಬದಲಿಸಿ. ಸಿಲಿಂಡರಿನಲ್ಲಿ ಎಷ್ಟಿದೆ ಎಂದು ನೋಡುವುದು ಕರೆಂಟು ಇದ್ದಾಗಲೇ.

ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಕರೆದರೂ ಓಗೊಡದೆ ತೂಕಡಿಸುತ್ತಿದ್ದರೆ ಈ ಕೈಪಿಡಿ ಮಡಚಿಟ್ಟು 108ಕ್ಕೆ ಫೋನ್ ಮಾಡಿ. ದೊಡ್ಡಪ್ಪನಿಗೆ ಆಮೇಲೆ ತಿಳಿಸಿದರಾಯಿತು.