ನಿರ್ಬಂಧ ವ್ಯಾಕರಣ: ಸಂಧಿ ಪ್ರಕರಣ

ವಿಷಯ ಪ್ರವೇಶ: ಪ್ರಜೆಗಳ ಪೂಜೆಗೆ ಅಡ್ಡಿಮಾಡುವ ದೊರೆಯ ಮನಸ್ಸನ್ನು ಸಮುದ್ರದಾಚೆಯ ಇನ್ನೊಬ್ಬ ದೊರೆ ವ್ಯಾಪಾರ ನಿಲ್ಲಿಸಿ ಕರಗಿಸುವ ಬಹುಆಯಾಮಿ ಪ್ರಕ್ರಿಯೆಗೆ 'ನಿರ್ಬಂಧ' ಎಂದು ಹೆಸರು. ಇದರ ಮೂಲಗ್ರಂಥ ಅಮೆರಿಕದ ಅಂತಾರಾಷ್ಟ್ರೀಯ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ (1998). ದೋಷವುಳ್ಳ ದೇಶಕ್ಕೆ 'ವಿಶೇಷ ಕಳವಳದ ದೇಶ' ಎಂಬ ಸಂಜ್ಞೆ. ದೋಷ ಅರ್ಧ ಮಾತ್ರೆ ಕಡಿಮೆಯಿದ್ದರೆ 'ವಿಶೇಷ ನಿಗಾ ಪಟ್ಟಿ'. ಸಂಜ್ಞೆಯ ನಂತರದ ಕ್ರಮಗಳು 15. ಮೊದಲನೆಯದು ಗುಟ್ಟಾಗಿ ಕಿವಿಯಲ್ಲಿ ಹೇಳುವುದು; ಸಾಲ, ರಫ್ತು ತಡೆಯುವುದೆಲ್ಲ ಆಮೇಲಿನದು. ಕಳವಳ ಯಾವಾಗ ವಿಶೇಷವಾಗುತ್ತದೆ ಎಂಬ ಬಗ್ಗೆ ಪಂಡಿತರು ಎರಡು ದಿನ ವಿಚಾರ ಸಂಕಿರಣ ನಡೆಸಿ, ಊಟ ಚೆನ್ನಾಗಿತ್ತೆಂಬ ಒಮ್ಮತಕ್ಕೆ ಬಂದಿದ್ದಾರೆ.

ಲೋಪಸಂಧಿ: ಅರ್ಥ ಕೆಡದಂತಿದ್ದರೆ ಪೂರ್ವಪದದ ಕೊನೆಯ ಸ್ವರ ಬಿದ್ದುಹೋಗುತ್ತದೆ. ನಮ್ಮ ಶಾಸ್ತ್ರದಲ್ಲಿ 'ಅರ್ಥ' ಎಂದರೆ ದುಡ್ಡು. ಅದು ಕೆಡುವಂತಿದ್ದರೆ ಬಿದ್ದುಹೋಗುವುದು ನಿರ್ಬಂಧ. ಉದಾ: ಸೌದಿ ಅರೇಬಿಯಾ. 2004ರಲ್ಲಿ ಸಂಜ್ಞೆ, 2006ರಿಂದ ಅನಿರ್ದಿಷ್ಟ ವಿನಾಯಿತಿ. ಅಲ್ಲಿ ಒಂದೂ ಚರ್ಚಿಲ್ಲ. ಮಂಗಳೂರಿನಿಂದ ದುಡಿಯಹೋದ ಕ್ರೈಸ್ತ ಬಾಗಿಲು ಹಾಕಿಕೊಂಡೇ ಜಪಸರ ಹಿಡಿಯಬೇಕು. ಎಣ್ಣೆ ಮಾತ್ರ ಬಾಗಿಲು ತೆರೆದೇ ಹರಿಯುತ್ತದೆ.

ಆದೇಶಸಂಧಿ: ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಬರುವುದು. ಮಳೆ + ಕಾಲ = ಮಳೆಗಾಲ. ಚೀನಾಕ್ಕೆ 1999ರಲ್ಲಿ ಸಂಜ್ಞೆ ದೊರೆತಾಗ ಹೊಸ ಶಿಕ್ಷೆಯ ಜಾಗಕ್ಕೆ ಹಳೆಯದೇ ಬಂತು. ತಿಯಾನನ್‌ಮೆನ್ ಚೌಕದ ಹತ್ಯಾಕಾಂಡದ ಬಳಿಕ ಹೇರಿದ್ದ, ಪೊಲೀಸ್ ಸಲಕರಣೆಗಳ ರಫ್ತು ನಿಷೇಧವನ್ನೇ ತೋರಿಸಿ 'ಕ್ರಮ ಕೈಗೊಂಡಿದ್ದೇವೆ' ಎಂದರು. ಮದುವೆಗೂ ತಿಥಿಗೂ ಒಂದೇ ಪಂಚೆ.

ಪ್ರಕೃತಿಭಾವ: 'ಅಯ್ಯೋ', 'ಛೆ' ಮುಂತಾದ ಉದ್ಗಾರಗಳ ಮುಂದೆ ಸಂಧಿಯಾಗದು. 2020ರಿಂದ ಪ್ರತಿವರ್ಷ ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯ ಆಯೋಗ ಭಾರತವನ್ನೂ 'ವಿಶೇಷ ಕಳವಳದ ದೇಶ'ಗಳ ಪಟ್ಟಿಗೆ ಸೇರಿಸಿ ಎಂದು 'ಅಯ್ಯೋ' ಎನ್ನುತ್ತದೆ. ವರದಿ ಪಕ್ಷಪಾತದ್ದೆಂದು ದೆಹಲಿ 'ಛೆ' ಎನ್ನುತ್ತದೆ. ಪದಗಳೆರಡೂ ಇದ್ದಲ್ಲೇ ಇವೆ.

ಆಗಮಸಂಧಿ: ಇಲ್ಲದ ಅಕ್ಷರವೊಂದು ಹೊಸದಾಗಿ ಬಂದು ಸೇರುವುದು. ನಮ್ಮ ಶಾಸ್ತ್ರದಲ್ಲಿ ಬಲು ಅಪರೂಪ. ಈ ಕಾಯ್ದೆಯ ಹೆಸರಿನಲ್ಲೇ ಹೊಸ ನಿರ್ಬಂಧವೊಂದು ಮೊದಲು ಬಂದದ್ದು 2005ರಲ್ಲಿ, ಎರಿಟ್ರಿಯಾದ ಮೇಲೆ. ಸೌದಿಯಂತೆ ಅಲ್ಲಿ ಎಣ್ಣೆಯಿಲ್ಲ. ಹಾಗಾಗಿ ಅರ್ಥ ಕೆಡಲಿಲ್ಲ.

ಇನ್ನು ಸವರ್ಣದೀರ್ಘ, ಗುಣ, ವೃದ್ಧಿಗಳನ್ನು ವಿವರಿಸಬೇಕಿತ್ತು. ಬೇಡ. ಗುಣವೂ ಇಲ್ಲ, ವೃದ್ಧಿಯಾಗಿರುವುದು ವರದಿಯ ಪುಟಗಳು ಮಾತ್ರ. ಎರಿಟ್ರಿಯಾದಲ್ಲಿ ಸರ್ಕಾರ ಒಪ್ಪಿದ ಪಂಥಗಳು ನಾಲ್ಕೇ. ಅವುಗಳ ಹೊರಗೆ ದೇವರನ್ನು ಕರೆದವರನ್ನು ಹಡಗಿನ ಸರಕಿನ ಕಬ್ಬಿಣದ ಕಂಟೇನರುಗಳಲ್ಲಿ ಕೂಡಿಹಾಕಿದರು. ಹಗಲು ಬೇಯುವ, ರಾತ್ರಿ ಕೊರೆಯುವ ಆ ಪೆಟ್ಟಿಗೆಗೆ ಯಾವ ಸಂಜ್ಞೆ ಕೊಡೋಣ, ಪಂಡಿತರೇ? ವಾಷಿಂಗ್ಟನ್ ಹೇರಿದ ನಿರ್ಬಂಧವಾದರೂ ಯಾವುದು? ಆಯುಧಗಳ ಮಾರಾಟಕ್ಕೆ ತಡೆ. ಆ ಸೆರೆಯಲ್ಲೇ ಇದ್ದ 'ಯೆಹೋವನ ಸಾಕ್ಷಿಗಳು' ಎಂಬ ಕ್ರೈಸ್ತ ಪಂಥದವರು ಮಾಡಿದ್ದ ಅಪರಾಧವೇ ಆಯುಧ ಮುಟ್ಟಲು ಒಪ್ಪದಿದ್ದದ್ದು.

ಅವರಲ್ಲಿ ಮೂವರು ಸೆರೆಯಾದದ್ದು 1994ರಲ್ಲಿ. ವಿಚಾರಣೆ ನಡೆಯಲೇ ಇಲ್ಲ. ಕಾಯ್ದೆ ಬಂದದ್ದು 1998ರಲ್ಲಿ, ದೇಶದ ಹೆಸರು ಪಟ್ಟಿಗೇರಿದ್ದು 2004ರಲ್ಲಿ, ನಿರ್ಬಂಧ 2005ರಲ್ಲಿ. ಆ ಮೂವರು ಹೊರಗೆ ಬಂದದ್ದು 2020ರ ಡಿಸೆಂಬರಿನಲ್ಲಿ.