ನಕ್ಷತ್ರರಾಯರು

ನಮ್ಮ ಬಸವನಗುಡಿಯ ನಕ್ಷತ್ರರಾಯರಿಗೆ ತಂದೆತಾಯಿಗಳು ಇಟ್ಟ ಹೆಸರು ಬೇರೆಯೇ ಉಂಟು. ಆದರೆ ಕಾಲ್ಚೆಂಡಾಟದ ಮಾತನ್ನು ಯಾರು ಎಲ್ಲಿಂದ ಎತ್ತಿದರೂ ಅದನ್ನು ಸುತ್ತಿ ಬಳಸಿ ಕಡೆಗೆ “ಒಬ್ಬ ದೊಡ್ಡ ಸ್ಟಾರ್ ಬೇಕು ಸ್ವಾಮಿ” ಎಂಬಲ್ಲಿಗೆ ತಂದು ನಿಲ್ಲಿಸುವ ಅವರ ಅಸಾಧಾರಣ ಸಾಮರ್ಥ್ಯವನ್ನು ಕಂಡು, ಬೆಳಗಿನ ಕಾಫಿಗೆ ಕೂಡುವ ನಾವು ನಾಲ್ಕಾರು ಮಂದಿ ಈ ಬಿರುದನ್ನು ದಯಪಾಲಿಸಿದ್ದೇವೆ. ಅವರು ಅದನ್ನು ಪ್ರಶಂಸೆಯೆಂದೇ ಭಾವಿಸಿದ್ದಾರೆ.

ರಾಯರ ಸಿದ್ಧಾಂತ ಸರಳವಾದುದು. ಬೆಂಗಳೂರು ಎಫ್‌ಸಿಯವರು ಯುರೋಪಿನಿಂದಲೋ ದಕ್ಷಿಣ ಅಮೆರಿಕದಿಂದಲೋ ಜಗದ್ವಿಖ್ಯಾತನಾದ ಒಬ್ಬ ಆಟಗಾರನನ್ನು ಕರೆತಂದ ದಿನ ಕಂಠೀರವ ಕ್ರೀಡಾಂಗಣದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದು. ರಾಯರೂ ಅಂದೇ ದಯಮಾಡಿಸುವರು. ಅಲ್ಲಿಯವರೆಗೆ ತಮ್ಮ ಪಾದಾರ್ಪಣೆಯನ್ನು ಮುಂದೂಡಿದ್ದಾರೆ. 2013ರಲ್ಲಿ ಕ್ಲಬ್ಬು ಹುಟ್ಟಿದಂದಿನಿಂದ ಈ ಮುಂದೂಡಿಕೆ ಅವಿಚ್ಛಿನ್ನವಾಗಿ ನಡೆದುಬಂದಿದೆ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾಗಿ, ದೆಹಲಿಗೆ ಡೆಲ್ ಪಿಯೆರೊ, ಗೋವೆಗೆ ಪಿರೆಸ್, ಪುಣೆಗೆ ಟ್ರೆಜೆಗೆ ಎಂದು ಊರಿಗೊಬ್ಬ ಮಹಾಪುರುಷ ಬಂದಿಳಿದಾಗ, ಐ-ಲೀಗಿನಲ್ಲಿಯೇ ಉಳಿದ ಬೆಂಗಳೂರಿನ ಪಾಲಿಗೆ ಯಾರೂ ಬಾರದುದನ್ನು ಕಂಡು ರಾಯರು ಪಟ್ಟ ಸಂಕಟವು, ನೆರೆಮನೆಯ ಮದುವೆಗೆ ಮಂತ್ರಿಗಳೇ ಬಂದು ತನ್ನ ಮನೆಯ ಮದುವೆಗೆ ಶ್ಯಾನುಭೋಗನೂ ಬಾರದೆ ಹೋದಾಗ ಗೃಹಸ್ಥನಿಗೆ ಆಗುವಂಥದು. ಅದೇ ವರ್ಷದ ಬೇಸಗೆಯಲ್ಲಿ ಬೆಂಗಳೂರು ತನ್ನ ಮೊದಲ ಪ್ರವೇಶದಲ್ಲಿಯೇ ಐ-ಲೀಗನ್ನು ಗೆದ್ದಿತ್ತಲ್ಲವೆ ಎಂದು ನಾನು ನೆನಪಿಸಿದೆ. “ಗೆಲ್ಲುವುದು ಬೇರೆ, ಬೆಳಗುವುದು ಬೇರೆ” ಎಂದರು. ವಿಶ್ವಕಪ್ಪನ್ನು ಎತ್ತಿಹಿಡಿದಿದ್ದ ಡೆಲ್ ಪಿಯೆರೊ ನಲವತ್ತರ ಹೊಸ್ತಿಲಿನಲ್ಲಿ ದೆಹಲಿಗೆ ಬಂದು, ಹತ್ತು ಪಂದ್ಯಗಳಲ್ಲಿ ಒಂದು ಗೋಲು ಹೊಡೆದು, ಮರುವರ್ಷ ಇತ್ತ ತಿರುಗಿ ನೋಡಲಿಲ್ಲ. 2019ರಲ್ಲಿ ಆತನನ್ನು ಕರೆಸಿದ್ದ ಕ್ಲಬ್ಬೇ ದೆಹಲಿಯಿಂದ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಎಂದು ಹೆಸರು ಬದಲಿಸಿಕೊಂಡಿತು. ಟ್ರೆಜೆಗೆಯ ಪುಣೆ ತಂಡವಂತೂ ಅದೇ ವರ್ಷ ಬಾಗಿಲನ್ನೇ ಹಾಕಿತು. ಇದಕ್ಕೆ ರಾಯರ ಭಾಷ್ಯ: “ಒಬ್ಬನನ್ನೇ ತಂದದ್ದು ತಪ್ಪು. ಇಬ್ಬರನ್ನು ತರಬೇಕಾಗಿತ್ತು.”

“ತಾರೆಯೇ ಬೇಕೆಂದರೆ, ಮೊದಲ ದಿನದಿಂದ ಸುನಿಲ್ ಛೆಟ್ರಿ ಇಲ್ಲಿಯೇ ಇದ್ದಾನಲ್ಲ” ಎಂದರೆ ಅವರು ನನ್ನನ್ನು ನೋಡುವ ನೋಟದಲ್ಲಿ ಕೋಪಕ್ಕಿಂತ ಕನಿಕರವೇ ಅಧಿಕ. ಇಲ್ಲಿಯೇ ಇದ್ದಾನೆಂಬುದೇ ಆತನ ದೋಷ! ದೂರದಲ್ಲಿ ಮಿನುಗುವುದನ್ನು ನಾವು ನಕ್ಷತ್ರವೆಂದು ಕೊಂಡಾಡುತ್ತೇವೆ. ಅಂಥದೇ ಒಂದು ಸಮೀಪದಲ್ಲಿದ್ದರೆ ಸೂರ್ಯನೆಂದು ಕರೆದು, ಬಿಸಿಲೆಂದು ಗೊಣಗಿ, ಕೊಡೆ ಬಿಚ್ಚುತ್ತೇವೆ. ಬೆಂಗಳೂರಿನಲ್ಲಿಯೇ ಹುಟ್ಟಿ, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದ ಅಹಮದ್ ಖಾನನನ್ನು ‘ಪಂಚಪಾಂಡವ’ರಲ್ಲಿ ಒಬ್ಬನೆಂದು ತಲೆಯ ಮೇಲೆ ಹೊತ್ತು ಮೆರೆಸಿದವರು ಕಲ್ಕತ್ತೆಯ ಈಸ್ಟ್ ಬೆಂಗಾಲಿನವರು; ನಮ್ಮ ರಾಯರಿಗೆ ಆ ಹೆಸರು ಹೇಳಿದರೆ ಆತ ಸರೋದ್ ನುಡಿಸುತ್ತಿದ್ದನೇ ಎಂದು ಕೇಳುತ್ತಾರೆ.

2018ರ ಜೂನಿನಲ್ಲಿ, ಮುಂಬಯಿಯಲ್ಲಿ ಭಾರತವು ಚೈನೀಸ್ ತೈಪೆಯನ್ನು 5-0 ಅಂತರದಿಂದ ಸೋಲಿಸಿ, ಛೆಟ್ರಿ ತಾನೊಬ್ಬನೇ ಮೂರು ಗೋಲು ಹೊಡೆದರೂ, ನೋಡಲು ಬಂದವರು ಮೂರು ಸಾವಿರಕ್ಕೂ ಕಡಮೆ. ಮರುದಿನ ಆತ, ಬಯ್ಯುವುದಾದರೂ ಕ್ರೀಡಾಂಗಣಕ್ಕೆ ಬಂದು ಬಯ್ಯಿರಿ ಎಂದು ವಿಡಿಯೋ ತುಣುಕೊಂದರಲ್ಲಿ ಕೈಮುಗಿದು ಬೇಡಿಕೊಂಡ. ಯುರೋಪಿನ ಕ್ಲಬ್ಬುಗಳ ಭಕ್ತರನ್ನು ಅದರಲ್ಲಿ ವಿಶೇಷವಾಗಿ ಸಂಬೋಧಿಸಿದ್ದನಾಗಿ, ಅದು ವಿಳಾಸ ಬರೆದು ಅಂಚೆಗೆ ಹಾಕಿದಂತೆ ರಾಯರಿಗೇ ಬಂದು ಮುಟ್ಟಿತು. ರಾಯರು ಅತ್ತರು. ಅತ್ತು, ಅದನ್ನು ಬಂಧುಮಿತ್ರರಿಗೆಲ್ಲ ರವಾನಿಸಿದರು. ಕೀನ್ಯಾದ ವಿರುದ್ಧ ನಡೆದ ಮುಂದಿನ ಪಂದ್ಯಕ್ಕೆ ಟಿಕೆಟ್ಟುಗಳೆಲ್ಲ ಖರ್ಚಾಗಿ ಕ್ರೀಡಾಂಗಣ ತುಂಬಿದಾಗ, ತಮ್ಮ ಕಣ್ಣೀರು ವ್ಯರ್ಥವಾಗಲಿಲ್ಲವೆಂದು ಸಂತೋಷಪಟ್ಟರು. ಬೆಂಗಳೂರಿನ ಮುಂದಿನ ಪಂದ್ಯಕ್ಕೆ ಬರುವಿರಾ ಎಂದರೆ, “ಆ ಮನವಿ ಮುಂಬಯಿಗೆ ಸಂಬಂಧಪಟ್ಟದ್ದು” ಎಂದರು.

ಹಾಗೆಂದು ರಾಯರ ಭಕ್ತಿ ಹುಸಿಯೆಂದು ಯಾರೂ ತಿಳಿಯಬಾರದು. ನಡುರಾತ್ರಿ ಒಂದೂವರೆ ಗಂಟೆಗೆ ಎದ್ದು ಬಾರ್ಸಿಲೋನದ ಆಟವನ್ನು ನೋಡಿ, ಬೆಳಿಗ್ಗೆ ಕೆಂಗಣ್ಣಿನಿಂದ ಬಂದು “ನಾವು ಗೆದ್ದೆವು” ಎಂದು ಹೇಳುತ್ತಿದ್ದವರು ಅವರು. 2021ರಲ್ಲಿ ಮೆಸ್ಸಿ ಪ್ಯಾರಿಸ್ಸಿಗೆ ಹೋದ, ರಾಯರೂ ಹೋದರು. 2023ರಲ್ಲಿ ಆತ ಮಯಾಮಿಗೆ ತೆರಳಿದ. ರಾಯರು ಅಟ್ಲಾಂಟಿಕ್ ಸಾಗರವನ್ನೂ ದಾಟಿದರು. ಈ ದೇಶಾಂತರಗಳ ಚರಿತ್ರೆಯನ್ನು ಅರಿಯಬೇಕಾದರೆ ಅವರ ಮನೆಗೆ ಹೋಗಬೇಕು: ಬಾರ್ಸಿಲೋನದ ಅಂಗಿ ನೆಲ ಒರೆಸುತ್ತಿದೆ, ಪ್ಯಾರಿಸ್ಸಿನದು ಸ್ಕೂಟರ್ ಒರೆಸುತ್ತಿದೆ, ಮಯಾಮಿಯ ಗುಲಾಬಿ ಅಂಗಿ ರಾಯರ ಮೈಮೇಲೆ ತನ್ನ ಸರದಿಯನ್ನು ಕಾಯುತ್ತಿದೆ.

ಅವರ ವಾದದಲ್ಲಿ ಹುರುಳಿಲ್ಲವೆಂದರೆ ಅನ್ಯಾಯವಾದೀತು. 1977ರಲ್ಲಿ ಪೆಲೆ ಕಾಸ್ಮೋಸ್ ತಂಡದೊಡನೆ ಕಲ್ಕತ್ತೆಗೆ ಬಂದಾಗ ಈಡನ್ ಉದ್ಯಾನ ಕಿಕ್ಕಿರಿದು ತುಂಬಿದ್ದುದು ನಿಜ. ಆದರೆ ಅಂದು 2-2ರ ಸಮಬಲ ಸಾಧಿಸಿದ ಮೋಹನ್ ಬಾಗಾನಿಗೆ ಭಕ್ತರು ಹುಟ್ಟಿದ್ದು ಪೆಲೆಯಿಂದಲ್ಲ. 1911ರಲ್ಲಿ ಬಹುಮಟ್ಟಿಗೆ ಬರಿಗಾಲಿನಲ್ಲಿಯೇ ಆಡಿ ಆಂಗ್ಲರ ಪಡೆಯಿಂದ ಐಎಫ್ಎ ಶೀಲ್ಡನ್ನು ಕಸಿದುಕೊಂಡ ಊರ ಹುಡುಗರಿಂದ. ಪೆಲೆ ವಿಮಾನ ಹತ್ತಿದ ಮೇಲೆಯೂ ಆ ಭಕ್ತರು ಅಲ್ಲಿಯೇ ಉಳಿದರು. 2025ರ ಡಿಸೆಂಬರಿನಲ್ಲಿ ಅದೇ ಊರಿನ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಬಂದ ಮೆಸ್ಸಿಯಾದರೋ, ಆಟವಾಡದೆ, ಗಣ್ಯರ ಗುಂಪಿನ ನಡುವೆ ಮರೆಯಾಗಿ, ಬೇಗನೆ ಹೊರಟುಹೋದಾಗ, ಹಣ ತೆತ್ತು ಬಂದ ಜನ ಕುರ್ಚಿಗಳನ್ನು ಕಿತ್ತೆಸೆದರು. ತಾರೆಯನ್ನು ನೋಡಲು ಬಂದವನಿಗೆ, ತಾರೆ ಕಾಣದಿದ್ದರೆ, ಎಸೆಯಲು ಕುರ್ಚಿಯೊಂದೇ ಉಳಿಯುವುದು. ಬೆಂಗಳೂರಿನ ಹುಚ್ಚು ಅಭಿಮಾನಿಗಳಾದರೋ ತಮ್ಮನ್ನು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಕರೆದುಕೊಳ್ಳುತ್ತಾರೆ; ಹೆಸರು ಯಾವ ಆಟಗಾರನದೂ ಅಲ್ಲ, ತಾವು ನಿಂತು ಕೂಗುವ ಕಟ್ಟೆಯದು. ಕುರ್ಚಿಯ ಹೆಸರನ್ನು ಇಟ್ಟುಕೊಂಡವನು ಅದನ್ನು ಕೀಳುವುದಾದರೂ ಹೇಗೆ?

ಈ ಉಪದೇಶವನ್ನೆಲ್ಲ ಒಂದು ಮುಂಜಾನೆ ರಾಯರ ಮನೆಯಲ್ಲಿಯೇ ಕುಳಿತು ವಿಸ್ತಾರವಾಗಿ ಹೇಳಿ, ಅವರ ಹುಟ್ಟುಹಬ್ಬಕ್ಕೆಂದು ತಂದಿದ್ದ ಬೆಂಗಳೂರಿನ ನೀಲಿ ಅಂಗಿಯನ್ನು ಕೈಗಿತ್ತೆ. ಅವರು ಅದನ್ನು ಬಿಡಿಸಿ, ಮುಂದೆ ನೋಡಿ, ಹಿಂದೆ ನೋಡಿ, “ಎಲ್ಲಾ ಸರಿ, ಬೆನ್ನ ಮೇಲೆ ಯಾರ ಹೆಸರೂ ಇಲ್ಲವಲ್ಲ?” ಎಂದು ಮುಖ ಸಣ್ಣದು ಮಾಡಿಕೊಂಡರು. ನಾನು ಉತ್ತರಕ್ಕಾಗಿ ತಡವರಿಸುತ್ತಿರುವಾಗ, ಕಾಫಿಯ ಲೋಟಗಳನ್ನು ತಂದಿಟ್ಟ ಅವರ ಗೃಹಿಣಿ ಅಂಗಿಯ ಅಂಚನ್ನು ಬೆರಳಿನಿಂದ ಹೊಸೆದು ನೋಡಿ ಹೇಳಿದರು: “ಇದನ್ನೇ ಇಟ್ಟುಕೊಳ್ಳಿ. ಹೆಸರಿಲ್ಲದ್ದರಿಂದ ಯಾರೂ ಬಿಟ್ಟುಹೋಗುವ ಹಾಗಿಲ್ಲ. ಮನೆಯಲ್ಲಿ ಒರೆಸುವ ಬಟ್ಟೆ ಈಗಾಗಲೇ ಬೇಕಾದಷ್ಟಿದೆ.”