ಸ್ಕ್ರೂ ತಲಿ ಸವೆದ ಸುದ್ದಿ

ಬಿಚ್ಚದ ಸ್ಕ್ರೂ ಒಂದು ಯಾರ ಮನೆಯಲ್ಲಾದರೂ ಇದೆ ಎಂದು ತಿಳಿದರೆ ಸಾಕು, ಮಿರಜದ ನಮ್ಮ ಓಣಿಯಲ್ಲಿ ಆ ಮನೆಗೆ ಜನ ಕರೆಯದೆ ಬರುತ್ತಾರೆ. ಒಬ್ಬರ ಕೈಯಲ್ಲಿ ಪಕ್ಕಡ, ಇನ್ನೊಬ್ಬರ ಕೈಯಲ್ಲಿ ಸೀಮೆಎಣ್ಣೆ ಬಾಟಲಿ, ಮೂರನೆಯವರದು ಬರಿಗೈ, ಆದರೆ ಬಾಯಿತುಂಬ ಸಲಹೆ. ಸಡಿಲಾದ ಸ್ಕ್ರೂವಿಗೆ ಈ ಯೋಗ ಇಲ್ಲ. ಅದು ಎಲ್ಲಿಯೋ ಬಿದ್ದುಹೋಗುತ್ತದೆ, ಕಸಬರಿಗೆ ಪಾಲಾಗುತ್ತದೆ, ಯಾರೂ ಕೇಳುವುದಿಲ್ಲ.

ಈ ಸಲದ ಸ್ಕ್ರೂ ಪಕ್ಕದ ಕಾಕಾನದು. ಕಾಕಾ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು, ಮೂಲ ಕಾಗವಾಡದ ಕಡೆ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ಪುಣೆಯಲ್ಲಿ ಓದುವ ಮೊಮ್ಮಗ ರಜೆಗೆಂದು ಬಂದಾಗ ರಿಮೋಟ್ ಕಾರಿನ ಕಿಟ್ ತಂದಿದ್ದ. ಅಂಗಡಿಯ ಆಟಿಗೆ ಅಲ್ಲ. ಬಿಡಿ ಭಾಗಗಳನ್ನು ತಾನೇ ಜೋಡಿಸಿ ನಿಜವಾದ ಕಾರಿನ ಹತ್ತನೆಯ ಒಂದು ಪಾಲು ಅಳತೆಯಲ್ಲಿ ಕಟ್ಟುವಂಥದು. ಕಾಕಾ ಅದನ್ನು ಕಂಪೌಂಡ್ ಗೋಡೆಯ ಮೇಲೆ ಇಟ್ಟು ನನ್ನನ್ನು ಕೂಗಿದರು.

"ಮಾಸ್ತರ್ರ, ಸ್ವಲ್ಪ ಇತ್ತಾಗ ಬರ್ರಿ. ಮೋಟರ್ ಹಿಡಿಯೋ ಸ್ಕ್ರೂ ನೋಡ್ರಿ, ಹುಡುಗ ಅದರ ತಲಿ ತಿಂದು ಕುಂತಾನ."

ಆರು ಮೂಲೆಯ ಕುಣಿಯಲ್ಲಿ ಒಂದು ಮೂಲೆಯೂ ಉಳಿದಿರಲಿಲ್ಲ. ಹುಡುಗ ಒಳಗಿಂದಲೇ, "ಅಜ್ಜಾ, ಆ ಸ್ಕ್ರೂನ ಹಲ್ಕಾ ಐತಿ" ಎಂದ. ಎಲ್ಲರೂ ಹೇಳುವ ಮಾತು ಇದೇ. ನನ್ನ ಅಭಿಪ್ರಾಯದಲ್ಲಿ ಸ್ಕ್ರೂ ಬಹಳ ಸಲ ನಿರಪರಾಧಿ, ಕೈಯ ಅವಸರ ಮತ್ತು ಪಾನಾದ ಅಳತೆ ಇವೆರಡೇ ಆರೋಪಿಗಳು. ಕಾಕಾ ಏನೂ ಅನ್ನದೆ ಅಲೆನ್ ಪಾನಾ ತರಿಸಿ ಕಣ್ಣ ಹತ್ತಿರ ಹಿಡಿದರು. ಅದು ಇಂಚಿನ ಸೆಟ್ಟಿನದು, 3/32. ಅಂದರೆ 2.38 ಮಿಲಿಮೀಟರ್. ಸ್ಕ್ರೂವಿನ ಕುಣಿ 2.5 ಮಿಲಿಮೀಟರಿನದು. ಒಳಗೆ ಹೋಗುತ್ತದೆ, ಕೂತಂತೆಯೂ ಅನ್ನಿಸುತ್ತದೆ; ಬಲ ಬಿದ್ದ ಕೂಡಲೇ ಮೂಲೆಗಳನ್ನು ಕೆರೆದು ಹಾಕುತ್ತದೆ.

ಕಾಕಾಗೆ ಅಷ್ಟು ಸಿಕ್ಕಿತು, ರೈಲು ಬಿಟ್ಟರು. "ತಮ್ಮಾ, ಈ ಮಿರಜ ಟೇಶನ್‌ನ್ಯಾಗ ಮೂರೂ ಗೇಜ್ ಇದ್ದೂ. ಪುಣೆದು ಬ್ರಾಡ್‌ಗೇಜ್, 1676 ಮಿಲಿಮೀಟರ್. ಲೋಂಡಾದ್ದು ಮೀಟರ್‌ಗೇಜ್, 1000. ಕುರ್ಡುವಾಡಿದು ನ್ಯಾರೋಗೇಜ್, 762. ಕುರ್ಡುವಾಡಿ ಡಬ್ಬಿ ತಂದು ಪುಣೆ ಹಳಿಮ್ಯಾಲ ಇಟ್ಟರ ಓಡತೈತೇನು? ನೀ ಮಾಡಿದ್ದೂ ಅದನ!"

ಪ್ಲಸ್ ತಲೆಯ ಸ್ಕ್ರೂಗಳದು ಇದಕ್ಕಿಂತ ಕಪಟದ ಕಥೆ. ಅಮೆರಿಕದ ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಪ್ಲಸ್ ಕುಣಿಯ ಗೋಡೆಗಳು ಇಳಿಜಾರು. ತಿರುಗಿಸುವ ಬಲ ಹೆಚ್ಚಾದರೆ ಸ್ಕ್ರೂ ಡ್ರೈವರ್ ತಾನೇ ಮೇಲೆ ಎದ್ದು ಬರುತ್ತದೆ. ಕಾರಿನ ಕಾರ್ಖಾನೆಗಳು ಅದನ್ನು ಬಹಳ ಬೇಗ ಒಪ್ಪಿಕೊಂಡವು. ಜಪಾನಿನವರ ಪ್ಲಸ್ ಬೇರೆ, ಜೆಐಎಸ್ ಎನ್ನುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟರೂ ನಮ್ಮಂಥವರಿಗೆ ವ್ಯತ್ಯಾಸ ಕಾಣುವುದಿಲ್ಲ. ಕೆಲವು ಜಪಾನಿ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ, ಅದೇ ಗುರುತು. ತಮಿಯಾ ಕಂಪನಿಯ ಕಿಟ್ಟಿನಲ್ಲಿ ಬರುವ ಪ್ಲಸ್ ಸ್ಕ್ರೂಗಳು ಈ ಜಪಾನಿ ಜಾತಿಯವು. ಅವುಗಳಿಗೆ ನಮ್ಮ ಹಾರ್ಡ್‌ವೇರ್ ಅಂಗಡಿಯ ಫಿಲಿಪ್ಸ್ ಡ್ರೈವರ್ ಹಾಕಿದರೆ ಪೂರಾ ತಳಕ್ಕೆ ಇಳಿಯದೆ ಅಂಚಿನಲ್ಲೇ ತಿರುಗಿ ತಲೆ ಸವೆಯುತ್ತದೆ. ಹುಡುಗರು ಸಾವಿರಗಟ್ಟಲೆ ಕೊಟ್ಟು ಕಾರು ತರುತ್ತಾರೆ, ಒಂದು ಒಳ್ಳೆಯ ಡ್ರೈವರಿಗೆ ದುಡ್ಡು ಬಿಚ್ಚುವುದಿಲ್ಲ. ನನಗೆ ಇದರಷ್ಟು ಸಿಟ್ಟು ಬರಿಸುವ ಉಳಿತಾಯ ಇನ್ನೊಂದಿಲ್ಲ.

ಇರಲಿ. ಬಿಚ್ಚುವ ವಿಷಯ. ಸೀಮೆಎಣ್ಣೆಯವರು ಅಷ್ಟರಲ್ಲಿ ಬಂದೇಬಿಟ್ಟಿದ್ದರು. ಕಾಕಾ ಅವರನ್ನು ತಡೆದರು. ಈ ಸ್ಕ್ರೂ ತುಕ್ಕು ಹಿಡಿದದ್ದಲ್ಲ. ಹುಡುಗ ಮೊದಲ ಸಲ ಕೂಡಿಸುವಾಗ ಆಟೆಗೆ, ಅಂದರೆ ಸ್ಕ್ರೂವಿನ ಸುತ್ತುಗೆರೆಗೆ, ಅದು ಸಡಿಲಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಹಚ್ಚಿದ್ದ, ಆಮೇಲೆ ಮೋಟರ್ ತುಸು ಸರಿಸಬೇಕೆಂದು ಬಿಚ್ಚಲು ಹೊರಟಿದ್ದ. ಆ ದ್ರವ ಗಾಳಿ ಸಿಕ್ಕಷ್ಟು ಹೊತ್ತು ನೀರಾಗಿಯೇ ಇರುತ್ತದೆ. ಲೋಹಗಳ ಸಂದಿಯಲ್ಲಿ ಗಾಳಿ ತಪ್ಪಿದೊಡನೆ ಗಟ್ಟಿಯಾಗುತ್ತದೆ. 1953ರಲ್ಲಿ ವರ್ನನ್ ಕ್ರೀಬಲ್ ಎಂಬ ರಸಾಯನ ಪ್ರಾಧ್ಯಾಪಕರು ಇದನ್ನು ತಯಾರಿಸಿದರು. ಅದಕ್ಕೆ ಎಣ್ಣೆಯ ಭಯ ಇಲ್ಲ, ಬಿಸಿಯ ಭಯ ಇದೆ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂವಿನ ತಲೆಯ ಮೇಲೆ ಊರಿ ಸ್ವಲ್ಪ ಹೊತ್ತು ಹಿಡಿದರೆ ಒಳಗಿನ ಹಿಡಿತ ಮೆತ್ತಗಾಗುತ್ತದೆ. ಸುತ್ತ ಪ್ಲಾಸ್ಟಿಕ್ ಇದ್ದರೆ ಮಾತ್ರ ಹುಷಾರು, ಸ್ಕ್ರೂ ಉಳಿದು ಕಾರು ಕರಗೀತು.

ಸೀಮೆಎಣ್ಣೆಯವರಿಗೆ ಬೇಸರವಾಯಿತು. ಅವರದೂ ಅನುಭವದ ಮಾತೇ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಸಾಂಗ್ಲಿಯೊಳಗೆ ಬಂದಾಗ ಆಯರ್ವಿನ್ ಸೇತುವೆಯ ಹತ್ತಿರ ನೀರು 57 ಅಡಿ ದಾಟಿತ್ತು, ಅಲ್ಲಿ ಅಪಾಯದ ಗುರುತು 45 ಅಡಿ. ನೀರು ಇಳಿದ ಮೇಲೆ ಮಿಕ್ಸರು, ಫ್ಯಾನು, ಹೊಲಿಗೆ ಯಂತ್ರ, ಮಕ್ಕಳ ಆಟಿಗೆ, ಎಲ್ಲದರ ಸ್ಕ್ರೂವೂ ಕಚ್ಚಿ ಕೂತಿತ್ತು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆಟೆಯ ಸಂದಿಯಲ್ಲಿ ಉಬ್ಬಿ ತನ್ನನ್ನು ತಾನೇ ಜಡಿದುಕೊಳ್ಳುತ್ತದೆ. ಅಲ್ಲಿ ಎಣ್ಣೆ ಬಿಟ್ಟು, ರಾತ್ರಿಯಿಡೀ ನೆನೆಸಿ, ತಲೆಯ ಮೇಲೆ ಹಗುರಾಗಿ ಒಂದೆರಡು ಪೆಟ್ಟು ಕೊಟ್ಟು, ಮೊದಲು ತುಸು ಬಿಗಿದು ಆಮೇಲೆ ಬಿಚ್ಚುವುದು ಸರಿಯಾದ ದಾರಿ. ಪ್ಲಾಸ್ಟಿಕ್ಕಿನೊಳಗೆ ಕೂತ ಸ್ಕ್ರೂವಿಗೆ ಎಣ್ಣೆ ಯಾಕೆ? ಪ್ಲಾಸ್ಟಿಕ್ಕಿಗೆ ತುಕ್ಕು ಬರುವುದಿಲ್ಲ, ಕೆಲವು ಜಾತಿಯ ಪ್ಲಾಸ್ಟಿಕ್ ಎಣ್ಣೆಗೆ ಬಿರಿಯುತ್ತದೆ.

ಮಿರಜದ ಸಿತಾರ ಮಾಡುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುವುದು ಇಂಥ ಹೊತ್ತಿಗೆ. ಅವರ ತಂತಿ ಬಿಗಿಯುವ ಬಿರಡೆಗೆ ಆಟೆಯೇ ಇಲ್ಲ. ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ ಕಡೆದ ಮರ, ಅದೇ ಇಳಿಜಾರಿನ ತೂತು, ಹಿಡಿತವೆಲ್ಲ ತಿಕ್ಕಾಟದ್ದು. ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಕಚ್ಚುತ್ತದೆ, ಬೇಸಿಗೆಯಲ್ಲಿ ಒಣಗಿ ಜಾರುತ್ತದೆ. ಜಾರಿದರೆ ಸೀಮೆಸುಣ್ಣ, ಕಚ್ಚಿದರೆ ಸಾಬೂನು, ಔಷಧ ಮುಗಿಯಿತು. ಈ ಶಿಕಲಗಾರ ಮನೆತನಗಳ ಹಿರಿಯರು ಮೊದಲು ಕತ್ತಿ, ಭರ್ಜಿಗಳಿಗೆ ಸಾಣೆ ಹಿಡಿಯುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಫರೀದಸಾಹೇಬರೆಂಬ ಹಿರಿಯರ ಕಾಲದಿಂದ ವಾದ್ಯಕ್ಕೆ ತಿರುಗಿದರು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತು ಸಿಕ್ಕಿದೆ. ಒಟ್ಟಿನಲ್ಲಿ ಈ ಸೀಮೆಯ ಕೈಗಳಿಗೆ ಲೋಹದ ಚಟ ಹಳೆಯದು. ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧದ ರಾಜರು ಕೊಟ್ಟ ಜಾಗಕ್ಕೆ ಬಂದು ಕಿರ್ಲೋಸ್ಕರವಾಡಿ ಕಟ್ಟಿದ್ದು ಇದೇ ಸಾಂಗ್ಲಿ ಜಿಲ್ಲೆಯಲ್ಲಿ. ಅವರ ಕಬ್ಬಿಣದ ನೇಗಿಲು ಕಂಡು ಮಣ್ಣಿಗೆ ವಿಷ ಏರೀತೆಂದು ಒಕ್ಕಲಿಗರು ಮೊದಮೊದಲು ಹೆದರಿದ್ದರಂತೆ.

ಕಾಕಾ ಐರನ್ ಕಾಯಿಸಿ ಊರಿದರು. ಹೊಗೆಯ ಎಳೆಯೊಂದು ಎದ್ದಿತು, ಹುಡುಗ ಉಸಿರು ಹಿಡಿದು ನಿಂತ. ಬಿಸಿ ಒಳಗಿಳಿದ ಮೇಲೆ ದುಂಡಾದ ಕುಣಿಗೆ ತುಸು ದೊಡ್ಡದಾದ ನಕ್ಷತ್ರದ ಬಿಟ್ ಒಂದನ್ನು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಅದರ ಹಲ್ಲುಗಳು ಹೊಸ ಮೂಲೆ ಕೊರೆದುಕೊಂಡವು. ಆಮೇಲೆ ಮೇಲಿಂದ ಮೈಭಾರ ಹಾಕಿ ಒತ್ತಿ, ತಿರುಗಿಸುವುದನ್ನು ಮಾತ್ರ ಹೆಣ್ಣು ನೋಡಲು ಬಂದವರಷ್ಟು ಸಂಕೋಚದಿಂದ ಮಾಡಿದರು. ಚಿಟ್ ಎಂದಿತು. ಬಂತು.

ಸಲಹೆಯವರಿಗೆ ನಿರಾಶೆ. ಅವರು ಕುಪವಾಡದ ಎಂಐಡಿಸಿಯಲ್ಲಿ ಲೇಥ್ ಇರುವವರ ಹತ್ತಿರ ಒಯ್ಯಬೇಕೆಂದು ಆಗಲೇ ಗಾಡಿ ತೆಗೆದಿದ್ದರು. ಅಲ್ಲಿ ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಇದೆ, ಕೊರೆಯುತ್ತ ಕೊರೆಯುತ್ತ ಸ್ಕ್ರೂ ತಾನೇ ಬಿಚ್ಚಿ ಬರುತ್ತದೆ ಎಂಬುದು ಅವರ ವಾದ. ವಾದ ಸರಿ. ಆದರೆ ಡ್ರಿಲ್ ಕೈಗೆತ್ತಿಕೊಂಡ ಮೇಲೆ ಹಿಂದೆ ಸರಿಯುವ ದಾರಿ ಇಲ್ಲ, ಅದನ್ನು ಕೊನೆಗೆ ಇಡಬೇಕು.

ಹುಡುಗ ಹೊಸ ಸ್ಕ್ರೂ ಹಾಕಲು ಕೂತ. ಕಾಕಾ ಬಿಡಲಿಲ್ಲ, ಪ್ಲಾಸ್ಟಿಕ್ ತೂತಿನ ಪಾಠವೂ ಆಯಿತು: ಮೊದಲು ಉಲ್ಟಾ ತಿರುಗಿಸು, ಸ್ಕ್ರೂ ಹಳೆಯ ಆಟೆಯೊಳಗೆ 'ಟಕ್' ಎಂದು ಬೀಳುವುದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಬಿಗಿ, ಇಲ್ಲದಿದ್ದರೆ ಪ್ರತಿಸಲ ಹೊಸ ಆಟೆ ಕೊರೆದು ತೂತು ಹಾಳು. ನೀಲಿ ದ್ರವ ಪ್ಲಾಸ್ಟಿಕ್ಕಿಗೆ ಮುಟ್ಟಿಸಬೇಡ, ಬಿರಿಯುತ್ತದೆ. ಮೋಟರಿನ ಸ್ಕ್ರೂವಿಗೆ ಹಚ್ಚು, ಒಂದೇ ಹನಿ.

"ಅಜ್ಜಾ, ಬಾಟ್ಲಿ ಖಾಲಿ ಆಗೇತಿ."

ಕಾಕಾನ ಹೆಂಡತಿ ಕಾಕು ಅಷ್ಟು ಹೊತ್ತೂ ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತ ಎಲ್ಲವನ್ನೂ ಕೇಳುತ್ತಿದ್ದರು. ಚಸ್ಮಾ ತೆಗೆದು ಕಾಕಾನ ಮೂಗಿನ ಮುಂದೆ ಹಿಡಿದರು. "ಇದರ ಸ್ಕ್ರೂ ದಿನಾ ಬೀಳತಿತ್ತು. ಮೊಮ್ಮಗಳ ನೇಲ್‌ಪಾಲಿಶ್ ಒಂದ್ ತೊಟ್ಟು ಹಚ್ಚಿ ಬಿಗಿದೆ. ಮುಂದ ಅಲ್ಲಾಡಿಲ್ಲ, ಬೇಕಂದಾಗ ಬಿಚ್ಚಾಕೂ ಬರತೈತಿ."

ಕಾಕಾ ಚಸ್ಮಾ ತಿರುಗಿಸಿ ಮುರುಗಿಸಿ ನೋಡಿದರು. ಫಿಟ್ಟರ್ ಕಣ್ಣಿಗೆ ತಪ್ಪೇನೂ ಸಿಗಲಿಲ್ಲ.

"ಯಾವ ಬಣ್ಣದ್ದೈತಿ?" ಎಂದು ಕೇಳಿದರು.

"ಗುಲಾಬಿ."

"ಕಾರು ಹಸರ ಐತಲ್ಲ," ಎಂದ ಹುಡುಗ.

"ಸ್ಕ್ರೂ ಒಳಗಿರ್ತೈತಿ, ಯಾರು ನೋಡ್ತಾರ? ತಗೊಂಡ್ ಬಾ," ಎಂದರು ಕಾಕಾ.